ಪಂಚಾಯಿತಿ ಸದಸ್ಯರಿಗೆ ಕಲಿಸುವುದು ದಂಡದ ಖರ್ಚಲ್ಲ

ಗ್ರಾಮ ಪಂಚಾಯಿತಿ ಸದಸ್ಯರಿಗೆ, ಸಿಬ್ಬಂದಿಗೆ ತರಬೇತಿ ಎಂದ ಕೂಡಲೇ ಕೆಲವು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ಐದು ವರ್ಷಕ್ಕೆ ಮನೆಗೆ ಹೋಗುವವರಿಗೆ ಕಲಿಸಿ ಏನು ಫಲ? ಓದುಬರಹ ಸರಿಯಾಗಿ ಬಾರದವರಿಗೆ ಕಾಯ್ದೆ ಹೇಗೆ ತಲೆಗೆ ಹತ್ತೀತು? ಎಲ್ಲ ನೋಡಿಕೊಳ್ಳಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇದ್ದಾರಲ್ಲ? ಕರ್ನಾಟಕದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ, 90 ಸಾವಿರಕ್ಕೂ ಹೆಚ್ಚು ಚುನಾಯಿತ ಸದಸ್ಯ ಸ್ಥಾನಗಳಿವೆ. ಇಷ್ಟು ಜನರ ಅಧಿಕಾರದ ಪ್ರಶ್ನೆಯಾದ್ದರಿಂದ ಈ ಮಾತುಗಳನ್ನು ಕೇಳಿಸಿಕೊಂಡು ಸುಮ್ಮನಿರಲಾಗದು.

ಮೊದಲಿಗೆ ‘ಪಿಡಿಒ ಇದ್ದಾರಲ್ಲ’ ಎಂಬ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ವಾದ ಇದೇ. ಪಂಚಾಯಿತಿಯ ಹಣ ಹೊರಗೆ ಹೋಗಲು ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಒಪ್ಪಿಗೆಯೂ ಬೇಕು ಎಂದು ಇಟ್ಟಿರುವುದು ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದು. ಇಬ್ಬರಲ್ಲಿ ಒಬ್ಬರಿಗೆ ಲೆಕ್ಕವೇ ತಿಳಿಯದಿದ್ದರೆ ಆ ಒಪ್ಪಿಗೆಗೆ ಅರ್ಥವಿಲ್ಲ. ಅಧ್ಯಕ್ಷೆಯ ಡಿಜಿಟಲ್ ಸಹಿಯ ಡೋಂಗಲ್ ಗಂಡನ ಜೇಬಿಗೋ ಕಚೇರಿಯ ಡ್ರಾಯರಿಗೋ ಸೇರಿಬಿಡುವುದು ಹೀಗೆಯೇ.

ಒಂದು ಉದಾಹರಣೆ ನೋಡಿ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಪಂಚಾಯಿತಿಗಳಿಗೆ ನಿಗದಿ ಮಾಡಿದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತವಾಗಿತ್ತು. ಅದು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40 ಮುಕ್ತ ಅನುದಾನ. ಅದನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ. ಕಾಲೊನಿಯ ಸದಸ್ಯೆಯೊಬ್ಬಳು ತನ್ನ ಬೀದಿಗೆ ಸಿಮೆಂಟ್ ರಸ್ತೆ ಕೇಳುತ್ತಾಳೆ ಎಂದುಕೊಳ್ಳಿ. ‘ಅನುದಾನ ಇಲ್ಲಮ್ಮ’ ಎಂಬ ಉತ್ತರ ಬರುತ್ತದೆ. ಏನೂ ತಿಳಿಯದಿದ್ದರೆ ಅವಳು ಎದ್ದು ಮನೆಗೆ ಹೋಗುತ್ತಾಳೆ. ತಿಳಿದಿದ್ದರೆ ಕೇಳುತ್ತಾಳೆ: ಯಾವ ಅನುದಾನ ಇಲ್ಲ ಸಾರ್, ನಿರ್ಬಂಧಿತವೋ ಮುಕ್ತವೋ? ವಾರ್ಡ್ ಸಭೆಯ ನಡಾವಳಿಯಲ್ಲಿ ನಮ್ಮ ರಸ್ತೆ ಇತ್ತಲ್ಲ, ಕ್ರಿಯಾ ಯೋಜನೆಗೆ ಬರುವಾಗ ಎಲ್ಲಿ ಬಿಟ್ಟುಹೋಯಿತು? ಈ ಎರಡು ಪ್ರಶ್ನೆ ಕೇಳುವ ಧೈರ್ಯಕ್ಕಾಗಿಯೇ ತರಬೇತಿ ಬೇಕು. ಪ್ರಾಮಾಣಿಕ ಪಿಡಿಒಗೂ ಇದರಿಂದ ಅನುಕೂಲವೇ. ನಿಯಮ ಮೀರಿ ಇ-ಸ್ವತ್ತು ಖಾತೆ ಮಾಡಿಕೊಡಿ ಎಂದು ಊರಿನ ಬಲಿಷ್ಠರು ಒತ್ತಡ ಹಾಕಿದಾಗ, ಕಾಯ್ದೆ ಬಲ್ಲ ನಾಲ್ವರು ಸದಸ್ಯರು ಬೆನ್ನಿಗೆ ನಿಂತರೆ ಆ ಅಧಿಕಾರಿ ಒಂಟಿಯಾಗುವುದಿಲ್ಲ.

ಓದು ಬಾರದವರಿಗೆ ಕಲಿಸುವ ಬದಲು ಹತ್ತನೇ ತರಗತಿ ಪಾಸಾದವರಷ್ಟೇ ನಿಲ್ಲಲಿ ಎನ್ನುವವರೂ ಇದ್ದಾರೆ. ಅಂಥದ್ದನ್ನು ಬೇರೆ ರಾಜ್ಯಗಳು ಮಾಡಿ ನೋಡಿವೆ. ರಾಜಸ್ಥಾನ 2014ರಲ್ಲಿ ವಿದ್ಯಾರ್ಹತೆಯ ನಿಯಮ ತಂದಿತು, ಹರಿಯಾಣ 2015ರಲ್ಲಿ. ಹರಿಯಾಣದ ಕಾನೂನನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಎತ್ತಿಹಿಡಿಯಿತು, ನಿಜ. ಆದರೆ ರಾಜಸ್ಥಾನ 2019ರಲ್ಲಿ ತನ್ನ ನಿಯಮವನ್ನು ತಾನೇ ಹಿಂತೆಗೆದುಕೊಂಡಿತು. ಇಂಥ ನಿಯಮ ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದು ಹಳ್ಳಿ ಬಲ್ಲವರಿಗೆ ಗೊತ್ತು: ಶಾಲೆ ಬಿಡಿಸಿ ಕೂಲಿಗೆ ಕಳಿಸಿದ ದಲಿತ ಹೆಣ್ಣುಮಗಳನ್ನು, ನಡುವಯಸ್ಸು ದಾಟಿದ ಬಡ ರೈತನನ್ನು. ಶಾಲೆ ಕೊಡದ ತಪ್ಪು ಸರ್ಕಾರದ್ದು, ಶಿಕ್ಷೆ ಅವರಿಗೆ. ಯಾವ ಬೋರ್‌ವೆಲ್ ಬೇಸಿಗೆಗೆ ಬತ್ತುತ್ತದೆ, ನೀರುಗಂಟಿ ಯಾವ ಬೀದಿಯ ವಾಲ್ವ್ ತಿರುಗಿಸುವುದಿಲ್ಲ ಎಂಬ ತಿಳಿವಳಿಕೆ ಅವರ ಬಳಿ ಆಗಲೇ ಇದೆ. ಅದನ್ನು ಠರಾವಿಗೆ ಇಳಿಸುವ ದಾರಿಯನ್ನಷ್ಟೇ ನಾವು ಹೇಳಿಕೊಡಬೇಕು, ಅದೂ ಬಾಯಿಮಾತಿನಲ್ಲಿ, ಅವರದೇ ಪಂಚಾಯಿತಿಯ ಲೆಕ್ಕಪತ್ರ ಮುಂದಿಟ್ಟುಕೊಂಡು.

ಮೀಸಲಾತಿ ಸರದಿಯಲ್ಲಿ ಬದಲಾಗುತ್ತದೆ, ಅಧ್ಯಕ್ಷರ ಅವಧಿ 30 ತಿಂಗಳಷ್ಟೇ, ಕಲಿತದ್ದು ವ್ಯರ್ಥ ಎಂಬ ವಾದವೂ ಇದೆ. ಅವಧಿ ಚಿಕ್ಕದೆಂದ ಮೇಲೆ ತರಬೇತಿ ಬೇಗ ಆಗಬೇಕೆಂದಾಯಿತೇ ಹೊರತು ಬೇಡವೆಂದಾಗಲಿಲ್ಲ. ಸ್ಥಾನ ಹೋದರೂ ಮನುಷ್ಯರು ಊರಿನಲ್ಲೇ ಇರುತ್ತಾರೆ. ಮಾಜಿ ಸದಸ್ಯೆ ಸ್ವಸಹಾಯ ಸಂಘದಲ್ಲಿರುತ್ತಾಳೆ, ಗ್ರಾಮಸಭೆಗೆ ಬರುತ್ತಾಳೆ, ಜಮಾಬಂದಿಯ ದಿನ ಲೆಕ್ಕ ಕೇಳುತ್ತಾಳೆ.

ತರಬೇತಿ ಎಂದರೆ ಊಟ ಮತ್ತು ಭತ್ಯೆ ಎಂಬ ದೂರಿನಲ್ಲಿ ಸತ್ಯವಿದೆ. ದೊಡ್ಡ ಸಭಾಂಗಣದಲ್ಲಿ ಒಂದೇ ಸಮನೆ ಸುತ್ತೋಲೆ ಓದಿಹೇಳಿದರೆ ಯಾರೂ ಕಲಿಯುವುದಿಲ್ಲ. ಹಾಗೆಂದು ಕಲಿಸುವುದನ್ನೇ ನಿಲ್ಲಿಸಬೇಕೇ? ಹೊಸ ಶಾಸಕರಿಗೆ 2023ರಲ್ಲಿ ನಮ್ಮ ವಿಧಾನಸಭೆ ತಾನೇ ಶಿಬಿರ ನಡೆಸಿತು. ಅದು ಸರಿಯಾದರೆ ಹಳ್ಳಿಯ ಸದಸ್ಯರಿಗೂ ಸರಿಯೇ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಸಂಸ್ಥೆ ಇದೇ ಕೆಲಸಕ್ಕೆ ಇದೆ. ಕೇರಳ 1996ರಲ್ಲಿ ಜನಕೀಯ ಯೋಜನೆ ಆರಂಭಿಸಿದಾಗ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು, ಜೊತೆಗೇ ಬಹುದೊಡ್ಡ ತರಬೇತಿಯನ್ನೂ ನಡೆಸಿತು. ಅಧಿಕಾರವಿಲ್ಲದೆ ತರಬೇತಿ ಏಕೆ ಎಂದು ಕೇಳುವ ಗೆಳೆಯರಿಗೂ ನನ್ನ ಉತ್ತರ ಇದೇ: ಎರಡೂ ಜೊತೆಯಾಗಿ ಬರಬೇಕು. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳು ಪೂರ್ತಿಯಾಗಿ ಕೈಗೆ ಬಂದಿಲ್ಲ ಎಂಬ ಅವರ ಕೋಪ ನ್ಯಾಯವಾದದ್ದು. ಆದರೆ ಆ 29 ಯಾವುವು ಎಂದು ತಿಳಿಯದ ಸದಸ್ಯರು ಅವನ್ನು ಕೇಳುವುದಾದರೂ ಹೇಗೆ?

ಈ ಚರ್ಚೆಯಲ್ಲಿ ಎರಡೂ ಕಡೆಯವರು ಮರೆಯುವುದು ಸಿಬ್ಬಂದಿಯನ್ನು. ಬಿಲ್ ಕಲೆಕ್ಟರ್, ಕಾರ್ಯದರ್ಶಿ, ಡೇಟಾ ಎಂಟ್ರಿ ಆಪರೇಟರ್ ಇವರಿಲ್ಲದೆ ಪಂಚಾಯಿತಿ ಒಂದು ದಿನವೂ ನಡೆಯದು. ಪಂಚಾಯಿತಿಗಳ ‘ಪಂಚತಂತ್ರ’ ತಂತ್ರಾಂಶ ಬದಲಾದಾಗ, ಕರದ ನಿಯಮ ಬದಲಾದಾಗ ಮೊದಲು ಬೈಗುಳ ತಿನ್ನುವವರು ಅವರೇ. ಅವರನ್ನೂ ಸದಸ್ಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಬೇಕು. ಬೇರೆ ಬೇರೆ ಕಲಿಸಿದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗದು.

ನನ್ನ ಬೇಡಿಕೆ ಸರಳ. ಹೊಸ ಸದಸ್ಯರು ಮೊದಲ ಕ್ರಿಯಾ ಯೋಜನೆಗೆ ಕೈ ಎತ್ತುವ ಮುನ್ನ ಅವರಿಗೆ ತರಬೇತಿಯಾಗಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ ಪಂಚಾಯಿತಿಯ ಬಾಗಿಲಿಗೇ ಬಂದು ಕಲಿಸಬೇಕು. ಓದುಗರಲ್ಲೂ ಒಂದು ವಿನಂತಿ: ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ, ನಮ್ಮ ಸದಸ್ಯರಿಗೂ ಸಿಬ್ಬಂದಿಗೂ ತರಬೇತಿ ಯಾವಾಗ ಎಂದು ಎದ್ದು ನಿಂತು ಕೇಳಿ, ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.