ಹಣ ತೆತ್ತ ಆಸನ, ಬಾರದ ಪ್ರೇಕ್ಷಕ

ಸೊಲ್ಲಾಪುರ, ಅಕ್ಕಲಕೋಟ ಭಾಗದಲ್ಲಿ ಸೀಸನ್ ಟಿಕೆಟ್ ಎಂದರೆ ರೈಲಿನ ಪಾಸು. ಅಕ್ಕಲಕೋಟ ರೋಡ್ ನಿಲ್ದಾಣದಿಂದ ಸೊಲ್ಲಾಪುರಕ್ಕೆ ನಿತ್ಯ ಬಂದು ಹೋಗುವವರಿಗೆ ಈ ಮಾತು ಚಿರಪರಿಚಿತ. ಅದು ಪ್ರಯಾಣದ ಹಕ್ಕನ್ನು ಕೊಡುತ್ತದೆಯೇ ಹೊರತು ಆಸನವನ್ನು ಕೊಡುವುದಿಲ್ಲ. ಪಾಸು ಇದ್ದರೂ ನಿಂತೇ ಬರಬೇಕಾದೀತು. ಯುರೋಪಿನ ಫುಟ್‌ಬಾಲ್ ಜಗತ್ತಿನಲ್ಲಿ ಅದೇ ಹೆಸರಿನ ಟಿಕೆಟ್ಟಿನ ಗುಣ ಇದಕ್ಕೆ ವಿರುದ್ಧವಾದುದು. ಅಲ್ಲಿ ಅದನ್ನು ಕೊಂಡವನಿಗೆ ತನ್ನ ನೆಚ್ಚಿನ ತಂಡದ ತವರು ಮೈದಾನದಲ್ಲಿ ಋತುವಿಡೀ ಒಂದು ನಿಶ್ಚಿತ ಆಸನ ದೊರೆಯುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳು. ಪ್ರತಿ ತಂಡಕ್ಕೆ ತವರಿನಲ್ಲಿ 19 ಪಂದ್ಯಗಳು. ಆ 19 ದಿನವೂ ಆ ಕುರ್ಚಿ ಅವನದೇ. ಅವನು ಬಂದರೂ ಅವನದು, ಬಾರದಿದ್ದರೂ ಅವನದು. ತೊಡಕು ಹುಟ್ಟುವುದು ಈ ಕೊನೆಯ ಮಾತಿನಲ್ಲಿ.

ಲೆಕ್ಕದ ಪುಸ್ತಕದಲ್ಲಿ ಟಿಕೆಟ್ಟುಗಳೆಲ್ಲ ಮಾರಾಟವಾಗಿರುತ್ತವೆ. ಕಣ್ಣಿಗೆ ಮಾತ್ರ ಅಲ್ಲಲ್ಲಿ ಖಾಲಿ ಸಾಲುಗಳು ಕಾಣುತ್ತವೆ. ಆಸನಕ್ಕೆ ಒಡೆಯನುಂಟು, ಪ್ರೇಕ್ಷಕನಿಲ್ಲ. ದುರ್ಬಲ ಎದುರಾಳಿ, ವಾರದ ನಡುವಿನ ರಾತ್ರಿ, ಮಳೆ, ಕಾಯಿಲೆ, ಮನೆಯ ಕಾರ್ಯ ಹೀಗೆ ಬಾರದಿರಲು ಕಾರಣಗಳು ನೂರು. ಟಿಕೆಟ್ಟನ್ನು ಬಿಟ್ಟುಕೊಡದಿರಲು ಕಾರಣ ಒಂದೇ: ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ದುರ್ಲಭ. ಹೆಸರುವಾಸಿ ಕ್ಲಬ್ಬುಗಳಲ್ಲಿ ಕಾಯುವವರ ಪಟ್ಟಿ ಎಷ್ಟೋ ವರ್ಷಗಳಷ್ಟು ಉದ್ದವಾಗಿದೆ. ಆದ್ದರಿಂದ ಹೋಗಲಾಗದವನೂ ಹಕ್ಕನ್ನು ಹಿಡಿದುಕೊಂಡೇ ಇರುತ್ತಾನೆ. ಹೋಗಲು ಹಾತೊರೆಯುವವನು ಹೊರಗೇ ಉಳಿಯುತ್ತಾನೆ.

ಹೋಗಲಾಗದವನು ಅದನ್ನು ಬೇರೊಬ್ಬರಿಗೆ ಮಾರಬಹುದಲ್ಲ ಎಂದು ಯಾರಿಗಾದರೂ ಅನಿಸುವುದು ಸಹಜ. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಅಡ್ಡ ನಿಲ್ಲುತ್ತದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕು ಒಟ್ಟು 97 ಮಂದಿ ಪ್ರಾಣ ಕಳೆದುಕೊಂಡರು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ ಅಂತಿಮ ವರದಿ 1990ರಲ್ಲಿ ಹೊರಬಂದಿತು. ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಕಟ್ಟೆಗಳು ಹೋಗಿ ಎಲ್ಲರಿಗೂ ಆಸನ ಬಂದಿತು. 1994ರ ಶಾಸನವು ಫುಟ್‌ಬಾಲ್ ಟಿಕೆಟ್ಟುಗಳ ಅನಧಿಕೃತ ಮರುಮಾರಾಟವನ್ನು ಅಪರಾಧವೆಂದು ಸಾರಿತು. ಲಾಭಕೋರತನವನ್ನು ತಡೆಯುವುದಷ್ಟೇ ಇದರ ಉದ್ದೇಶವಲ್ಲ. ಎದುರಾಳಿ ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಭಾಗಗಳಲ್ಲಿ ಕೂಡಿಸದಿದ್ದರೆ ಜಗಳ ತಪ್ಪದು; ಯಾವ ಟಿಕೆಟ್ ಯಾರ ಕೈ ಸೇರಿತು ಎಂಬುದು ತಿಳಿಯದಿದ್ದರೆ ಹಾಗೆ ಕೂಡಿಸುವುದು ಸಾಧ್ಯವಾಗದು. ಅಂದರೆ ನಿಷೇಧದ ಬೇರು ಜನರ ಜೀವರಕ್ಷಣೆಯಲ್ಲಿದೆ. ಅದನ್ನು ಕಡೆಗಣಿಸಿ ಮುಕ್ತ ಮಾರಾಟವೇ ಪರಿಹಾರವೆಂದು ವಾದಿಸುವುದು ಸರಿಯಲ್ಲ.

ಮುಕ್ತ ಮಾರಾಟದ ರೂಪವನ್ನು ಮಹಾರಾಷ್ಟ್ರವೂ ಕಂಡಿದೆ. 2025ರ ಜನವರಿಯಲ್ಲಿ ನವಿ ಮುಂಬಯಿಯ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡದ ಸಂಗೀತ ಕಾರ್ಯಕ್ರಮ ನಡೆಯಿತು. 2024ರ ಸೆಪ್ಟೆಂಬರಿನಲ್ಲಿ ಟಿಕೆಟ್ಟುಗಳು ಮಾರಾಟಕ್ಕೆ ಬಂದ ಕೂಡಲೇ ತೀರಿಹೋದವು. ಮರುಕ್ಷಣವೇ ಬೇರೆ ತಾಣಗಳಲ್ಲಿ ಮೂಲ ಬೆಲೆಯ ಹಲವು ಪಟ್ಟಿಗೆ ಕಾಣಿಸಿಕೊಂಡವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೆಯ ಕಲಮು, ಗುಂಪು ಕಟ್ಟಿಕೊಂಡು ಟಿಕೆಟ್ಟುಗಳನ್ನು ಅನಧಿಕೃತವಾಗಿ ಮಾರುವುದನ್ನು ಕಳವು, ವಂಚನೆಗಳ ಸಾಲಿನಲ್ಲೇ ಇಟ್ಟಿದೆ. ಕಾಳಸಂತೆಯವನಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜ್ವರ ಬಂದು ಮನೆಯಲ್ಲಿ ಮಲಗಿದವನು ಕಾಳಸಂತೆಯವನಲ್ಲ. ಮಾರಬಾರದು ಎಂಬ ಬಾಗಿಲನ್ನು ಮುಚ್ಚಿ, ಮರಳಿಸಬಹುದು ಎಂಬ ಬಾಗಿಲನ್ನು ತೆರೆಯದ ನಿಯಮ ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅಂಥ ನಿಯಮದ ಫಲವೇ ಖಾಲಿ ಆಸನ.

ಎರಡನ್ನೂ ಬೇರ್ಪಡಿಸಿ ನೋಡುವ ವ್ಯವಸ್ಥೆಗೆ ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರದಿಂದ ಮುಂಬಯಿಗೆ ಹೋಗುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸನ್ನು ಏರಿದವರಿಗೆ ಅದು ತಿಳಿದದ್ದೇ. 1989ರ ರೈಲ್ವೆ ಕಾಯಿದೆಯ ಪ್ರಕಾರ ಒಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಇನ್ನೊಬ್ಬರು ಪ್ರಯಾಣಿಸುವಂತಿಲ್ಲ. ಅನುಮತಿಯಿಲ್ಲದೆ ಟಿಕೆಟ್ ವ್ಯಾಪಾರ ನಡೆಸಿದವನಿಗೆ 143ನೆಯ ಕಲಮಿನಡಿ 3 ವರ್ಷಗಳವರೆಗೆ ಸೆರೆ ಅಥವಾ 10,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಆನ್‌ಲೈನ್ ಟಿಕೆಟ್ಟುಗಳಿಗೂ ಇದು ಅನ್ವಯವಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಪಿತ್ತಿದೆ. ಇಷ್ಟು ಬಿಗಿಯ ನಡುವೆಯೂ ರೈಲ್ವೆಯವರು ದಾರಿಗಳನ್ನು ತೆರೆದಿಟ್ಟಿದ್ದಾರೆ. ಹೋಗಲಾಗದವನು ತನ್ನ ಟಿಕೆಟ್ಟನ್ನು ರದ್ದುಮಾಡಿ ಒಂದಿಷ್ಟು ಹಣವನ್ನು ಮರಳಿ ಪಡೆಯಬಹುದು. ರೈಲು ಹೊರಡುವ 24 ಗಂಟೆ ಮೊದಲು ಅರ್ಜಿ ಕೊಟ್ಟು ತಂದೆ, ತಾಯಿ, ಒಡಹುಟ್ಟಿದವರು, ಗಂಡ, ಹೆಂಡತಿ, ಮಕ್ಕಳು ಇವರಲ್ಲಿ ಒಬ್ಬರ ಹೆಸರಿಗೆ ಅದನ್ನು ಬದಲಿಸಬಹುದು. ಶೈಕ್ಷಣಿಕ ಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗಳ ತಂಡದಲ್ಲಿ ಕೆಲವರ ಹೆಸರು ಬದಲಾಗಬೇಕಾದರೆ ಸಂಸ್ಥೆಯ ಮುಖ್ಯಸ್ಥರು 48 ಗಂಟೆ ಮೊದಲು ಕೇಳಿಕೊಳ್ಳಬಹುದು. ಇಷ್ಟಾದರೂ ಬರ್ತು ಖಾಲಿ ಉಳಿದರೆ, ಅರ್ಧ ಆಸನದ ಮೇಲೆ ಕುಳಿತು ಕಾಯುತ್ತಿರುವ ಆರ್‌ಎಸಿ ಪ್ರಯಾಣಿಕನಿಗೆ ಟಿ.ಸಿ. ಅದನ್ನು ಕೊಡುತ್ತಾನೆ. ಲಾಭಕ್ಕೆ ಅಲ್ಲಿ ಎಡೆಯಿಲ್ಲ, ಬರ್ತು ಬರಿದಾಗಿ ಹೋಗಲು ಕಾರಣವೂ ಇಲ್ಲ.

ಕೆಲವು ಫುಟ್‌ಬಾಲ್ ಕ್ಲಬ್ಬುಗಳೂ ಈ ಹಾದಿ ಹಿಡಿದಿವೆ. ಬರಲಾಗದವನು ಆ ಪಂದ್ಯದ ಮಟ್ಟಿಗೆ ಟಿಕೆಟ್ಟನ್ನು ಕ್ಲಬ್ಬಿಗೇ ಒಪ್ಪಿಸುತ್ತಾನೆ. ಕ್ಲಬ್ಬು ಅದನ್ನು ನಿಗದಿತ ಬೆಲೆಗೆ ಬೇರೊಬ್ಬರಿಗೆ ಕೊಡುತ್ತದೆ. ಬಾರದೆ, ಮರಳಿಸದೆ ಆಸನವನ್ನು ಪದೇ ಪದೇ ಬರಿದುಮಾಡುವವನ ಟಿಕೆಟ್ಟನ್ನು ಮುಂದಿನ ಋತುವಿಗೆ ನವೀಕರಿಸದಿರುವ ಕ್ಲಬ್ಬುಗಳೂ ಉಂಟು. 'ಹಣ ಕೊಟ್ಟದ್ದು ನಾನು, ಬರುವುದೂ ಬಿಡುವುದೂ ನನ್ನ ಇಚ್ಛೆ' ಎಂಬುದು ಇದಕ್ಕೆ ಕೇಳಿಬರುವ ಆಕ್ಷೇಪ. ಹಣ ಕೊಟ್ಟು ಕೊಂಡ ಮಾವಿನ ಹಣ್ಣನ್ನು ತಿನ್ನದೆ ಕೊಳೆಯಿಸುವ ಸ್ವಾತಂತ್ರ್ಯ ಕೊಂಡವನಿಗಿದೆ ನಿಜ. ಆಸನ ಹಣ್ಣಿನಂಥ ವಸ್ತುವಲ್ಲ. ಕೊಂಡವನಿಗೆ ದೊರೆತದ್ದು ಒಂದು ಸಭೆಯಲ್ಲಿ ಹಾಜರಿರುವ ಅವಕಾಶ. ಅದಕ್ಕೆ ತೆತ್ತ ಹಣ ಸಭೆಯನ್ನು ಬರಿದುಮಾಡುವ ಅಧಿಕಾರಕ್ಕೆ ತೆತ್ತ ಬೆಲೆಯಾಗದು.

ಸಭೆ ಬರಿದಾದರೆ ಆಟ ಏನಾಗುತ್ತದೆ ಎಂಬುದನ್ನು 2020 ತೋರಿಸಿತು. ಕೋವಿಡ್ ಕಾಲದಲ್ಲಿ, ಮೇ 16ರಂದು, ಜರ್ಮನಿಯ ಬುಂಡೆಸ್‌ಲೀಗಾ ಪ್ರೇಕ್ಷಕರಿಲ್ಲದೆ ಮತ್ತೆ ಆರಂಭವಾಯಿತು. 2020–21ರ ಇಂಡಿಯನ್ ಸೂಪರ್ ಲೀಗಿನ ಪಂದ್ಯಗಳು ಗೋವೆಯ ಖಾಲಿ ಮೈದಾನಗಳಲ್ಲಿ ನಡೆದವು. ಕಂಠೀರವ ಕ್ರೀಡಾಂಗಣದ ಜಯಘೋಷಕ್ಕೆ ಒಗ್ಗಿದ ಬೆಂಗಳೂರು ಎಫ್‌ಸಿ ಆ ನಿಶ್ಶಬ್ದದಲ್ಲಿ ಆಡಿತು. ನಿಯಮ ಅದೇ, ಆಟಗಾರರು ಅವರೇ. ಆದರೂ ಏನೋ ಕುಂದಿತು. ದೂರದರ್ಶನದ ಪ್ರಸಾರಗಳಲ್ಲಿ ಮುದ್ರಿತ ಕೂಗನ್ನು ಬೆರೆಸಬೇಕಾಯಿತು. ಕಾವ್ಯಮೀಮಾಂಸೆಯನ್ನು ಓದುವ ವಿದ್ಯಾರ್ಥಿಗಳಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಟ್ಯಶಾಸ್ತ್ರವು ನಟನ ಲಕ್ಷಣವನ್ನಷ್ಟೇ ಅಲ್ಲ, ಪ್ರೇಕ್ಷಕನ ಲಕ್ಷಣವನ್ನೂ ವಿವರಿಸುತ್ತದೆ. ಸಹೃದಯನಿಲ್ಲದೆ ರಸವಿಲ್ಲ, ಅವನು ಕೃತಿಯ ಹೊರಗೆ ನಿಂತ ಗಿರಾಕಿಯಲ್ಲ, ಅದರ ಪೂರ್ಣತೆಯ ಒಂದು ಅಂಗ.

ಹಕ್ಕೂ ಹೊಣೆಯೂ ಒಂದೇ ಎಂಬ ತಿಳಿವಳಿಕೆ ಸೊಲ್ಲಾಪುರಕ್ಕೆ ಹೊಸದಲ್ಲ. ಸಂಕ್ರಾಂತಿಯ ಸಮಯದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ ಹೊರಡುತ್ತದೆ. ಅದರಲ್ಲಿ ಪಾಲ್ಗೊಳ್ಳುವ ಗೌರವ ಪರಂಪರೆಯಿಂದ ಬಂದದ್ದು. ಅದನ್ನು ಮರಾಠಿಯಲ್ಲೂ ಕನ್ನಡದಲ್ಲೂ 'ಮಾನ' ಎಂದೇ ಕರೆಯುತ್ತಾರೆ, ಪಡೆದವರನ್ನು ಮಾನಕರಿಗಳೆನ್ನುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ಸಾಗುವ ಈ ಮಾನವೂ ಒಂದು ಬಗೆಯ ಕಾಯ್ದಿಟ್ಟ ಸ್ಥಾನವೇ. ಆದರೆ ಮಾನ ಪಡೆಯುವುದೆಂದರೆ ಆ ದಿನ ಬಂದು ಸೇವೆಗೆ ನಿಲ್ಲುವುದು; ಮನೆಯಲ್ಲಿ ಕುಳಿತು ಅನುಭವಿಸುವ ಮಾನವೆಂಬುದಿಲ್ಲ. ಇತ್ತ ಅಕ್ಕಲಕೋಟದ ಅನ್ನಛತ್ರದಲ್ಲಿ ಆಸನಕ್ಕೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಒಂದು ಪಂಕ್ತಿ ಎದ್ದರೆ ಕಾದಿದ್ದ ಇನ್ನೊಂದು ಪಂಕ್ತಿ ಕೂಡುತ್ತದೆ. ಒಂದು ಕಡೆ ಹಕ್ಕುಳ್ಳವನು ತಪ್ಪದೆ ಬರುತ್ತಾನೆ, ಇನ್ನೊಂದು ಕಡೆ ಬಂದವನಿಗೇ ಹಕ್ಕು. ಹಕ್ಕನ್ನು ಹಿಡಿದುಕೊಂಡು ಬಾರದಿರುವ ಮೂರನೆಯ ಬಗೆಯೇ ಆಕ್ಷೇಪಾರ್ಹವಾದುದು.

ಈ ಮೂರನೆಯ ಬಗೆ ಕನ್ನಡದ ಸಭೆಗಳಲ್ಲಿಯೂ ಕಾಣುತ್ತದೆ. ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ 1950ರ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿದ ಊರು ಸೊಲ್ಲಾಪುರ. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಇಲ್ಲಿ ಕನ್ನಡದ ಸಭೆ ಕೂಡುವುದೇ ಒಂದು ಸಾಧನೆ. ಅಂಥ ಸಭೆಯಲ್ಲಿಯೂ ಮುಂದಿನ ಎರಡು ಸಾಲು 'ಆಹ್ವಾನಿತರಿಗೆ' ಎಂಬ ಚೀಟಿ ಹೊತ್ತು ಕೊನೆಯವರೆಗೂ ಬರಿದಾಗಿರುತ್ತದೆ, ವಿದ್ಯಾರ್ಥಿಗಳು ಗೋಡೆಗೆ ಒರಗಿ ನಿಂತಿರುತ್ತಾರೆ. ಸಂಘಟಕರು ರೈಲ್ವೆಯಿಂದ ಒಂದು ಪಾಠ ಕಲಿಯಬಹುದು: ಕಾರ್ಯಕ್ರಮ ಆರಂಭವಾದ ಹತ್ತು ನಿಮಿಷಕ್ಕೆ ಚೀಟಿ ತೆಗೆದು, ನಿಂತವರನ್ನು ಕರೆದು ಕೂಡಿಸುವುದು. ತಡವಾಗಿ ಬಂದ ಗಣ್ಯರಿಗೆ ಹಿಂದಿನ ಸಾಲಿನಲ್ಲಿ ಜಾಗವಿದ್ದೇ ಇರುತ್ತದೆ.

ವಿದ್ಯಾರ್ಥಿಗಳೂ ಈ ವಿಚಾರದ ಹೊರಗಿಲ್ಲ. ಐಚ್ಛಿಕ ಕನ್ನಡಕ್ಕೆ ಹೆಸರು ಹಚ್ಚಿದ ಪ್ರತಿಯೊಬ್ಬರ ಕೈಯಲ್ಲಿಯೂ ವರ್ಷವಿಡೀ ಸಲ್ಲುವ ಒಂದು ಸೀಸನ್ ಟಿಕೆಟ್ ಇದೆ. ಮಹಾರಾಷ್ಟ್ರದ ಕಾಲೇಜಿನಲ್ಲಿ ಕನ್ನಡಕ್ಕೆಂದು ಒಂದು ಕೋಣೆ, ಕೆಲವು ಬೆಂಚುಗಳು ಉಳಿದುಬಂದಿರುವುದು ಹಿಂದಿನವರು ಬಂದು ಕುಳಿತುದರಿಂದ. ಹಾಜರಿ ಪುಸ್ತಕದಲ್ಲಿ ಹೆಸರುಗಳು ತುಂಬಿದ್ದು ಬೆಂಚುಗಳು ಬರಿದಾಗಿದ್ದರೆ ಯಾವ ನಿಯಮವೂ ಆ ವಿಭಾಗವನ್ನು ಬಹುಕಾಲ ಕಾಯಲಾರದು. ಫುಟ್‌ಬಾಲ್ ಅಭಿಮಾನಿ ತನ್ನ ಆಸನವನ್ನು ಒಂದು ದಿನದ ಮಟ್ಟಿಗೆ ಇನ್ನೊಬ್ಬನಿಗೆ ಒಪ್ಪಿಸಬಲ್ಲ. ತರಗತಿಯ ಆಸನವನ್ನು ಹಾಗೆ ಒಪ್ಪಿಸಲು ಬಾರದು. ಅದರಲ್ಲಿ ಹೆಸರುಳ್ಳವರೇ ಬಂದು ಕೂಡಬೇಕು.