ಎಷ್ಟು ಕೋಣೆ ಬೇಕು ಎಂಬ ಮೋಸದ ಪ್ರಶ್ನೆ

"ಸ್ಟುಡಿಯೋ ತಗೊಂಡ್ರೆ ನೀವು, ಮೇಡಂ, ಮಕ್ಕಳು ಅಷ್ಟೇ ಸರ್. ಅಪ್ಪ ಅಮ್ಮನ್ನ ಎಲ್ಲಿ ಮಲಗಿಸ್ತೀರಿ?"

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ, ಬೆಂಗಳೂರಿನ ಹೋಟೆಲೊಂದರ ಹಾಲ್‌ನಲ್ಲಿ ಕೂತು ಈ ಮಾತು ಕೇಳಿಸಿಕೊಂಡೆ. ಮಾಲ್‌ನಲ್ಲಿ ತುಂಬಿ ಹಾಕಿದ ಕೂಪನ್ನಿಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬಂದು ತೆಗೆದುಕೊಂಡು ಹೋಗಬೇಕು ಎಂದು ಫೋನ್ ಬಂದಿತ್ತು. ಬಹುಮಾನಕ್ಕೆ ಮೊದಲು ಒಂದೂವರೆ ಗಂಟೆಯ ಮಾತು. ಸಂಸ್ಥೆ ಚಿಕ್ಕದು; ಅದರ ಹೆಸರಿಗೆ ಇಲ್ಲಿ ಕೆಲಸವಿಲ್ಲ. ಎದುರಿಗಿದ್ದ ಹುಡುಗ ತುಂಬಾ ಸಭ್ಯ. ಊರು ಯಾವುದು, ಮಕ್ಕಳೆಷ್ಟು, ತಂದೆತಾಯಿ ಎಲ್ಲಿದ್ದಾರೆ ಎಂದು ಮನೆಯವನಂತೆ ವಿಚಾರಿಸಿದ. ಆಮೇಲೆ ಬಿಳಿ ಹಾಳೆಯ ಮೇಲೆ ಎರಡು ಚೌಕ ಬರೆದ. ಚಿಕ್ಕದು ಸ್ಟುಡಿಯೋ: ಒಂದೇ ಕೋಣೆ, ಮೂಲೆಯಲ್ಲಿ ಪುಟ್ಟ ಅಡುಗೆ ಕಟ್ಟೆ. ದೊಡ್ಡದು ಎರಡು ಬೆಡ್‌ರೂಮ್, ನಡುವೆ ಹಾಲ್. ಪೆನ್ನಿನ ತುದಿಯನ್ನು ದೊಡ್ಡ ಚೌಕದ ಮೇಲಿಟ್ಟು ಅಪ್ಪ ಅಮ್ಮನ ಮಾತು ತೆಗೆದ. ನಾನು ಸುಮ್ಮನಾದೆ. ಅಪ್ಪನನ್ನು ಎಲ್ಲಿಗೂ ಕರೆದುಕೊಂಡು ಹೋಗದೆ ನಾಲ್ಕು ವರ್ಷವಾಗಿತ್ತು.

ಅವತ್ತಿನಿಂದ ನನ್ನನ್ನು ಕಾಡುತ್ತಿರುವುದು ಆ ಎರಡು ಚೌಕ. ಟೈಮ್‌ಶೇರ್ ವ್ಯಾಪಾರದ ಜಾಣತನವೆಲ್ಲ ಆ ಚಿತ್ರದಲ್ಲೇ ಇದೆ ಎಂಬುದು ನನ್ನ ವಾದ. ಚಿಕ್ಕದೋ ದೊಡ್ಡದೋ ಎಂದು ಕೇಳಿದ ಕೂಡಲೇ ನಾವು ತೂಗಲು ಶುರು ಮಾಡುತ್ತೇವೆ. ಬೇಕೋ ಬೇಡವೋ ಎಂಬ ಪ್ರಶ್ನೆ ಅಷ್ಟರಲ್ಲಿ ಮೇಜಿನಿಂದ ಕೆಳಗೆ ಬಿದ್ದಿರುತ್ತದೆ.

ಟಾಲ್‌ಸ್ಟಾಯ್ 1886ರಲ್ಲಿ ಬರೆದ, ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು ಎಂದು ಕೇಳುವ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಸಾವಿರ ರೂಬಲ್ ಕೊಟ್ಟರೆ ಒಂದು ಹಗಲಿನಲ್ಲಿ ಸುತ್ತಿ ಬಂದಷ್ಟು ನೆಲ ನಿನ್ನದು. ಸೂರ್ಯ ಮುಳುಗುವುದರೊಳಗೆ ಹೊರಟ ಜಾಗಕ್ಕೆ ಮರಳದಿದ್ದರೆ ಹಣವೂ ಹೋಯಿತು. ರೈತ ಪಾಹೋಮ್ ಓಡಿ ಓಡಿ ಸಾಯುತ್ತಾನೆ. ಶಾಲೆಯಲ್ಲಿ ಇದನ್ನು ದುರಾಸೆಯ ಕಥೆ ಎಂದು ಹೇಳಿಕೊಟ್ಟರು. ಆ ಹಾಲ್‌ನಲ್ಲಿ ಕೂತ ಮೇಲೆ ನನಗದು ಮಾರಾಟದ ಕಥೆಯಾಗಿಯೂ ಕಾಣುತ್ತಿದೆ. ಕರಾರು ಎಷ್ಟು ಸೊಗಸಾಗಿದೆ ನೋಡಿ: ಬೆಲೆ ಮೊದಲೇ ಗೊತ್ತುಮಾಡಿದೆ, ಉಳಿದಿರುವುದು "ಎಷ್ಟು" ಎಂಬುದೊಂದೇ, ಗಡುವು ಸಂಜೆ. ನಮ್ಮ ಹುಡುಗನೂ ಕೊನೆಗೆ ಹೇಳಿದ್ದು ಅದನ್ನೇ. "ಈ ರೇಟು ಇವತ್ತು ಸಂಜೆವರೆಗೆ ಮಾತ್ರ ಸರ್."

ಮಾರುತ್ತಿರುವುದು ಏನನ್ನು? ರೆಸಾರ್ಟಿನ ಕೋಣೆಯನ್ನು ವರ್ಷಕ್ಕೊಂದು ವಾರ ಬಳಸುವ ಹಕ್ಕನ್ನು, ಮುಂದಿನ ಹಲವು ವರ್ಷಗಳಿಗೆ ಒಟ್ಟಿಗೆ. ಇದು 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದ ಯೋಚನೆ. ಅಮೆರಿಕದಲ್ಲಿ ಬೆಳೆದು ದೊಡ್ಡದಾಯಿತು. ಅಲ್ಲಿ ಕೆಲವು ಕಡೆ ಮನೆ ಮಾರಿದಂತೆ ಪತ್ರವನ್ನೇ ಮಾಡಿಕೊಡುತ್ತಾರೆ. ಭಾರತದಲ್ಲಿ ಸ್ಟರ್ಲಿಂಗ್ 1986ರಲ್ಲಿ, ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಶುರುವಾದವು. ನಮ್ಮಲ್ಲಿ ಬಹುಮಟ್ಟಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ, 25 ವರ್ಷದ ಸದಸ್ಯತ್ವ ಇಲ್ಲಿ ಹೆಸರುವಾಸಿ. ಇಟ್ಟಿಗೆ, ನೆಲ ಯಾವುದೂ ನಿಮ್ಮದಲ್ಲ. ಬೆಲೆ ನಿಲ್ಲುವುದು ಎರಡು ಕಾಲಿನ ಮೇಲೆ. ಒಂದು ಕೋಣೆಯ ಅಳತೆ, ಇನ್ನೊಂದು ಋತು. ರಜೆಯ ಕಾಲಕ್ಕೆ ಒಂದು ಬಣ್ಣ, ಮಳೆಗಾಲದ ಖಾಲಿ ವಾರಗಳಿಗೆ ಇನ್ನೊಂದು ಬಣ್ಣ. ಇದರ ಮೇಲೆ ಪ್ರತಿವರ್ಷ ನಿರ್ವಹಣೆಯ ಶುಲ್ಕ. ಅದು ಸಾಮಾನ್ಯವಾಗಿ ಏರುತ್ತಲೇ ಇರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ, ಲೆಕ್ಕ ಹಾಕೋಣ. ಅಂಕಿಗಳು ಯಾವ ಕಂಪನಿಯವೂ ಅಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡವು. ಸ್ಟುಡಿಯೋಗೆ 3 ಲಕ್ಷ, ವಾರ್ಷಿಕ ಶುಲ್ಕ 14,000 ಎನ್ನಿ. ದೊಡ್ಡದಕ್ಕೆ 6 ಲಕ್ಷ, ವಾರ್ಷಿಕ ಶುಲ್ಕ 24,000. ಆ ಹಣವನ್ನು ಬ್ಯಾಂಕಿನಲ್ಲಿ ನೂರಕ್ಕೆ 7ರ ಬಡ್ಡಿಗೆ ಇಟ್ಟಿದ್ದರೆ, ತೆರಿಗೆಯ ಮಾತು ಬಿಟ್ಟು, ವರ್ಷಕ್ಕೆ 21,000 ಅಥವಾ 42,000 ಬರುತ್ತಿತ್ತು. ಅಂದರೆ ಚಿಕ್ಕ ಕೋಣೆಗೆ ವರ್ಷಕ್ಕೆ 35,000 ರೂಪಾಯಿ ಬಿತ್ತು. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 5,000. ದೊಡ್ಡದಕ್ಕೆ 66,000, ರಾತ್ರಿಗೆ 9,400ಕ್ಕೂ ಹೆಚ್ಚು. ಬ್ಯಾಂಕಿನಲ್ಲಿಟ್ಟ ಅಸಲು 25 ವರ್ಷದ ಕೊನೆಗೆ ನಿಮ್ಮ ಹತ್ತಿರವೇ ಇರುತ್ತದೆ, ಸದಸ್ಯತ್ವಕ್ಕೆ ಕೊಟ್ಟದ್ದು ಇರುವುದಿಲ್ಲ. ಶುಲ್ಕ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ಇವತ್ತಿನ 24,000 ಇಪ್ಪತ್ತೈದನೆಯ ವರ್ಷಕ್ಕೆ ಸುಮಾರು 97,000 ಆಗುತ್ತದೆ.

ಹೋಟೆಲ್ ಬಾಡಿಗೆಯೂ ಏರುತ್ತದಲ್ಲ ಎಂದು ಆ ಹುಡುಗ ಕೇಳಿದ. ಹೌದು, ಏರುತ್ತದೆ. ಆದರೆ ಹೋಟೆಲ್ ದುಬಾರಿಯಾದ ವರ್ಷ ನಾನು ಅಗ್ಗದ ಹೋಂಸ್ಟೇಗೆ ಹೋಗಬಹುದು, ನೆಂಟರ ಮನೆಗೆ ಹೋಗಬಹುದು, ಎಲ್ಲಿಗೂ ಹೋಗದೆ ಮನೆಯಲ್ಲೇ ಇರಬಹುದು. ಟೈಮ್‌ಶೇರ್‌ನ ಶುಲ್ಕವನ್ನು ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು.

ಈಗ ಎರಡು ಚೌಕಗಳ ನಡುವಿನ ಅಂತರ ನೋಡಿ: ವರ್ಷಕ್ಕೆ 31,000. ಅಪ್ಪ ಅಮ್ಮ ಬರುವ ವರ್ಷ ಪಕ್ಕದಲ್ಲೇ ಇನ್ನೊಂದು ಕೋಣೆಯನ್ನು ಏಳು ರಾತ್ರಿ ಬಾಡಿಗೆಗೆ ಹಿಡಿಯಲು ರಾತ್ರಿಗೆ 4,400 ರೂಪಾಯಿಯಷ್ಟು ಸಿಕ್ಕಿತು. ಅವರು ಬಾರದ ವರ್ಷ ಅದು ಜೇಬಿನಲ್ಲೇ ಉಳಿಯಿತು. ಹಾಗಾದರೆ ದೊಡ್ಡದನ್ನು ಕೊಂಡವರು ದುಡ್ಡು ಕೊಟ್ಟಿದ್ದು ಯಾತಕ್ಕೆ? ಅಪ್ಪ ಅಮ್ಮ ಪ್ರತಿವರ್ಷ, 25 ವರ್ಷವೂ, ಬರುತ್ತಾರೆ ಎಂಬ ನಂಬಿಕೆಗೆ.

ಆ ನಂಬಿಕೆಯನ್ನು ಕ್ಯಾಲೆಂಡರಿನ ಎದುರು ಇಡಬೇಕು. ಕೊಳ್ಳುವವನಿಗೆ 38 ವರ್ಷ, ಮಕ್ಕಳಿಗೆ 8 ಮತ್ತು 5, ಅಪ್ಪನಿಗೆ 68 ಎಂದುಕೊಳ್ಳಿ. ಹತ್ತು ವರ್ಷದಲ್ಲಿ ದೊಡ್ಡ ಮಗಳು ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಟಿರುತ್ತಾಳೆ. ಚಿಕ್ಕವನಿಗೆ ಎಸ್‌ಎಸ್‌ಎಲ್‌ಸಿ. ಅಪ್ಪನಿಗೆ 78, ಮಂಡಿನೋವು, ಘಾಟಿಯ ತಿರುವುಗಳಲ್ಲಿ ಐದು ಗಂಟೆ ಕಾರಿನಲ್ಲಿ ಕೂರಲಾಗದು. ಕರಾರಿನಲ್ಲಿ ಇನ್ನೂ 15 ವರ್ಷ ಬಾಕಿ. ಎರಡು ಬೆಡ್‌ರೂಮಿನ ಒಂದರಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಮಡಿಸಿಟ್ಟ ಹೊದಿಕೆ. ಕುಟುಂಬದ ಆಕಾರ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ, ಕಾಗದದ ಆಕಾರ ಬದಲಾಗುವುದಿಲ್ಲ.

ಆ ಮೊದಲ ಹತ್ತು ವರ್ಷವಾದರೂ ಎಲ್ಲರೂ ಸೇರುವುದು ಕೋಣೆಯಿಂದಲೇ? ನಮ್ಮ ಅಜ್ಜಿಮನೆಯಲ್ಲಿ ಮಲಗುವ ಕೋಣೆ ಅಂತ ಇದ್ದದ್ದು ಒಂದು. ಬೇಸಿಗೆ ರಜೆಗೆ ಹದಿನಾಲ್ಕು ಜನ ಸೇರುತ್ತಿದ್ದೆವು. ನಡುಮನೆಯಲ್ಲಿ ಉದ್ದಕ್ಕೆ ಜಮಖಾನ ಹಾಸಿದರೆ ಆಯಿತು. ತಡವಾಗಿ ಬಂದವನಿಗೆ ಬಾಗಿಲ ಪಕ್ಕದ ಚಾಪೆ. ಅದನ್ನು ಸ್ವರ್ಗ ಎಂದು ಹೊಗಳಲಾರೆ. ಹದಿನಾಲ್ಕು ಜನಕ್ಕೆ ರೊಟ್ಟಿ ತಟ್ಟುತ್ತ ಅಡುಗೆಮನೆಯಲ್ಲೇ ರಜೆ ಕಳೆದವರು ನನ್ನ ಅತ್ತೆ, ಚಿಕ್ಕಮ್ಮಂದಿರು. ಅವರಿಗೆ ಅದು ರಜೆಯೇ ಆಗಿರಲಿಲ್ಲ. ಅವರು ಇವತ್ತು ಒಂದು ವಾರ ಯಾರೋ ಮಾಡಿಟ್ಟ ತಿಂಡಿ ತಿನ್ನಬೇಕೆಂದರೆ ಅದು ನ್ಯಾಯವಾದ ಆಸೆ. ನಾನು ಹೇಳುತ್ತಿರುವುದು ಇಷ್ಟೇ: ಜನ ಸೇರುತ್ತಿದ್ದದ್ದು ಜಾಗ ಇತ್ತೆಂದಲ್ಲ, ಎಲ್ಲರಿಗೂ ಒಂದೇ ಸಮಯಕ್ಕೆ ಬಿಡುವು ಇತ್ತೆಂದು. ಈಗ ಅಣ್ಣನಿಗೆ ರಜೆ ಸಿಗುವುದು ದಸರಾಕ್ಕೆ, ತಂಗಿಗೆ ಕ್ರಿಸ್‌ಮಸ್ಸಿಗೆ, ಮಕ್ಕಳಿಗೆ ಏಪ್ರಿಲ್ ಮೇಯಲ್ಲಿ. ಎರಡನೆಯ ಬೆಡ್‌ರೂಮ್ ಕೊಂಡರೆ ಅಣ್ಣನ ಮ್ಯಾನೇಜರ್ ರಜೆ ಕೊಡುವುದಿಲ್ಲ.

ಎಲ್ಲರೂ ಸೇರಬಹುದಾದ ಆ ಕೆಲವೇ ವಾರಗಳ ಮೇಲೆ ಉಳಿದ ಸದಸ್ಯರೆಲ್ಲರ ಕಣ್ಣೂ ಇರುತ್ತದೆ. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡದಿದ್ದರೆ ಮಡಿಕೇರಿಯೂ ಇಲ್ಲ, ಊಟಿಯೂ ಇಲ್ಲ. ಆದ್ದರಿಂದ ತೆಗೆದುಕೊಂಡೇ ತೀರುತ್ತೇನೆ ಎನ್ನುವವರಿಗೆ ನನ್ನ ಉತ್ತರ ಸ್ಪಷ್ಟ: ಚಿಕ್ಕದನ್ನೇ ತೆಗೆದುಕೊಳ್ಳಿ. ಉಳಿದ ಹಣದಲ್ಲಿ ಬೇಕಿದ್ದರೆ ಒಳ್ಳೆಯ ಋತು ಕೊಳ್ಳಿ. ಮಳೆಗಾಲದ ದೊಡ್ಡ ಬಂಗಲೆಗಿಂತ ಶಾಲೆಯ ರಜೆಯಲ್ಲಿ ಸಿಗುವ ಒಂದು ಕೋಣೆ ಮಕ್ಕಳಿರುವ ಮನೆಗೆ ಹೆಚ್ಚು ಉಪಯೋಗ.

ದೊಡ್ಡದರ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಮುಚ್ಚಿಡಬಾರದು. ಕೆಲವು ಯೋಜನೆಗಳಲ್ಲಿ ದೊಡ್ಡ ಯೂನಿಟ್ಟನ್ನು ನಡುವಿನ ಬಾಗಿಲಿಗೆ ಬೀಗ ಹಾಕಿ ಎರಡು ಮಾಡಬಹುದು. ಒಂದು ದೊಡ್ಡ ವಾರದ ಬದಲು ಎರಡು ಚಿಕ್ಕ ವಾರ ಪಡೆಯಬಹುದು. ಹೀಗೆ ನಿಜವಾಗಿ ಬಳಸಿಕೊಳ್ಳುವ ಜಾಣರಿದ್ದಾರೆ. ವರ್ಷಕ್ಕೆ ಎರಡು ವಾರ ರಜೆ ಇರುವವರಿಗೆ, ಒಪ್ಪಂದದಲ್ಲಿ ಅದನ್ನು ಬರೆದುಕೊಟ್ಟವರಿಗೆ, ಅದು ಸರಿಯೇ. ಆದರೆ ಬೀಗ ಹಾಕಿದರೂ ತೆಗೆದರೂ ಶುಲ್ಕ ದೊಡ್ಡದರದ್ದೇ. ವರ್ಷಕ್ಕೆ ಒಂದು ವಾರದ ರಜೆಗೇ ಮೇಲಧಿಕಾರಿಯ ಮುಖ ನೋಡುವವನು ಎರಡನೆಯ ವಾರವನ್ನು ಏನು ಮಾಡುತ್ತಾನೆ?

ಇನ್ನೊಂದು ವಾದವೂ ಇದೆ: ದುಡ್ಡು ಕಟ್ಟಿದ್ದೇವೆ ಎಂಬ ಕಾರಣಕ್ಕಾದರೂ ರಜೆ ಹಾಕುತ್ತೇವೆ. ಸದಸ್ಯತ್ವ ಪಡೆದು ಸಂತೋಷವಾಗಿರುವ ಸ್ನೇಹಿತರೊಬ್ಬರು ನನಗೆ ಇದನ್ನೇ ಹೇಳಿದರು. ಅವರ ಸಂತೋಷ ಸುಳ್ಳಲ್ಲ. ಆದರೆ ಮೂರು ಲಕ್ಷದ ದಂಡ ತೆತ್ತ ಮೇಲೆ ಮಾತ್ರ ಮಕ್ಕಳ ಜೊತೆ ಒಂದು ವಾರ ಕಳೆಯಲು ಸಾಧ್ಯವಾಗುವ ಹಾಗೆ ನಾವು ಕೆಲಸ ಮಾಡುತ್ತಿದ್ದೇವೆ ಎಂದರೆ, ಜಗಳ ಆಡಬೇಕಾದದ್ದು ನಮ್ಮ ಕೆಲಸದ ಜೊತೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಇಲ್ಲಿ ನಿಮ್ಮ ಕಾಲಿನ ಅಳತೆ ತೆಗೆದು, ಹಾಸಿಗೆಯನ್ನು ಕಂತಿನ ಮೇಲೆ ಹೊಲಿದು ಕೊಡುತ್ತಾರೆ.

ಇಷ್ಟು ದೊಡ್ಡ ತೀರ್ಮಾನಕ್ಕೆ ಒಂದು ಸಂಜೆ ಸಾಲದು ಎಂದು ಬೇರೆ ದೇಶಗಳು ಕಾನೂನಿನಲ್ಲೇ ಬರೆದುಕೊಂಡಿವೆ. ಯುರೋಪಿನ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಸಹಿ ಹಾಕಿದ ಮೇಲೂ 14 ದಿನ, ಕಾರಣ ಹೇಳದೆ ಹಿಂದೆ ಸರಿಯಬಹುದು. ಆ ದಿನಗಳಲ್ಲಿ ಮುಂಗಡ ಹಣ ತೆಗೆದುಕೊಳ್ಳುವುದೂ ನಿಷಿದ್ಧ. ಫ್ಲಾರಿಡಾದಲ್ಲಿ 10 ದಿನ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಮಾಡಿದ ಕಾನೂನಿಲ್ಲ. ಕಂಪನಿ ತಾನಾಗಿ ಕೆಲವು ದಿನ ಕೊಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗ್ರಾಹಕ ರಕ್ಷಣಾ ಕಾಯ್ದೆ 2019 ಅನ್ಯಾಯದ ಕರಾರು ಎಂಬ ಮಾತನ್ನು ಗುರುತಿಸಿದೆ, ಅದರ ವಿರುದ್ಧ ರಾಜ್ಯ ಆಯೋಗಕ್ಕೆ ಹೋಗಬಹುದು. ಆದರೆ ಆಯೋಗದ ಮೆಟ್ಟಿಲು ಹತ್ತುವುದಕ್ಕೂ ಸಹಿಯ ಮುಂಚೆ ಹದಿನಾಲ್ಕು ದಿನ ಯೋಚಿಸುವುದಕ್ಕೂ ಬಹಳ ವ್ಯತ್ಯಾಸ. ಹದಿನಾಲ್ಕು ದಿನದ ಹಕ್ಕನ್ನು ನಮ್ಮ ಕಾನೂನೂ ಕೊಡಬೇಕು. ಕೊಡುವವರೆಗೆ ಅದನ್ನು ನಾವೇ ತೆಗೆದುಕೊಳ್ಳಬೇಕು.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಇದು ದೂರದ ಮಾತು ಅನ್ನಿಸಬಹುದು. ಮೊದಲ ಸಂಬಳ ಬಂದು, ಮದುವೆಯಾಗಿ, ಊರಿಗೆ ಹೋಗುವುದು ಕಮ್ಮಿಯಾದ ಮೇಲೆ ನಿಮಗೂ ಫೋನ್ ಬರುತ್ತದೆ. ಅಪ್ಪ ಅಮ್ಮನ ಬಗ್ಗೆ ಕೇಳುತ್ತಾರೆ. ಆಗ ಒಂದು ಕೆಲಸ ಮಾಡಿ: ಚಿಕ್ಕದು ದೊಡ್ಡದು ಎಂದು ತೂಗುವ ಮೊದಲು ಒಪ್ಪಂದದ ಪ್ರತಿಯನ್ನು ಮನೆಗೆ ಕೇಳಿ.

ನಾನೂ ಕೇಳಿದೆ. ಸಹಿಗೆ ಮೊದಲು ಕೊಡುವ ಪದ್ಧತಿಯಿಲ್ಲ ಎಂದರು. ಎದ್ದು ಬಂದೆವು. ಆದರೆ ಹುಡುಗನ ಪ್ರಶ್ನೆ ಸುಳ್ಳಾಗಿರಲಿಲ್ಲ. ಅವನು ಅದನ್ನು ಬಳಸಿಕೊಂಡದ್ದು ಮಾತ್ರ ತಪ್ಪು. ಆ ವರ್ಷ ದೀಪಾವಳಿಗೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆವು. "ಎಲ್ಲಿಗಾದ್ರೂ ಹೋಗೋಣ್ವಾ ಅಪ್ಪಾಜಿ?" ಎಂದು ಕೇಳಿದೆ. "ಈಗ ತಾನೆ ಬಂದಿದ್ಯಲ್ಲೋ, ಮತ್ತೆ ಎಲ್ಲಿಗೆ?" ಎಂದರು.