ಇಳಿದ ತೂಕ, ಇಳಿಯದ ಗುಳಿಗೆ

ತುಂಗಭದ್ರೆಯ ದಂಡೆಯ ಐರಣಿಯಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಅಕ್ಕ ನಾಲ್ಕು ತಿಂಗಳ ಹಿಂದೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮೈತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತೂಕವೇನೋ ಚೆನ್ನಾಗಿಯೇ ಇಳಿದಿದೆ. ಆದರೆ ಕುಳಿತಲ್ಲಿಂದ ಎದ್ದೊಡನೆ ಕಣ್ಣು ಕತ್ತಲಿಡುತ್ತದೆ. ಒಮ್ಮೆ ಅಂಗಳದಲ್ಲಿ ಬಿದ್ದೂ ಇದ್ದಾರೆ. ಹೊಟ್ಟೆ ಕೊಯ್ಯಿಸಿಕೊಂಡವರಿಗೆ ನಿಶ್ಶಕ್ತಿ ಸಹಜವೆಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರಂತೆ. ಪತ್ರದ ಕೊನೆಯಲ್ಲಿ, ಏನೋ ನೆನಪಾಗಿ ಸೇರಿಸಿದಂತೆ, ಇನ್ನೊಂದು ಸಾಲಿದೆ: ರಕ್ತದೊತ್ತಡದ ಮೂರು ಗುಳಿಗೆಗಳನ್ನು ಅಕ್ಕ ಮೊದಲಿನಂತೆಯೇ ತಪ್ಪದೆ ನುಂಗುತ್ತಿದ್ದಾರೆ.

ಉತ್ತರವು ಬಹುಶಃ ಆ ಸಾಲಿನಲ್ಲಿಯೇ ಅಡಗಿದೆ.

ಜಠರ ಚಿಕ್ಕದಾದರೆ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದರೆ ಮೈ ಇಳಿಯುತ್ತದೆ. ಈ ಚಿಕಿತ್ಸೆಯ ಗುಟ್ಟು ಇಷ್ಟೇ ಎಂದು ಜನರು ತಿಳಿದಿದ್ದಾರೆ. ವೈದ್ಯರೂ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದರು. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮೊದಲಾದ ವಿಜ್ಞಾನಿಗಳು ಜಠರದಲ್ಲಿ ಘ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹಸಿವಾಯಿತೆಂದು ಮೆದುಳಿಗೆ ಓಲೆ ಒಯ್ಯುವ ದೂತ ಅದು. ಜಠರವನ್ನು ಅಂಗಿಯ ತೋಳಿನಂತೆ ಕಿರಿದುಗೊಳಿಸುವ ‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ, ಈ ದೂತನು ಹೆಚ್ಚಾಗಿ ಹುಟ್ಟುವ ಮೇಲ್ಭಾಗವೇ ತೆಗೆದುಹೋಗುತ್ತದೆ. ಇತ್ತ ಆಹಾರವು ಕರುಳನ್ನು ಬೇಗ ಮುಟ್ಟುವುದರಿಂದ ಜಿಎಲ್‌ಪಿ-1 ಎಂಬ ಇನ್ನೊಂದು ಹಾರ್ಮೋನು ಹೆಚ್ಚಾಗಿ ಸ್ರವಿಸಿ, ಹೊಟ್ಟೆ ತುಂಬಿತೆಂಬ ತೃಪ್ತಿಯನ್ನು ಕೊಡುತ್ತದೆ, ಇನ್ಸುಲಿನ್ನಿಗೂ ಬೆಂಬಲವಾಗುತ್ತದೆ. ಆದುದರಿಂದಲೇ ಮಧುಮೇಹಿಗಳಲ್ಲಿ ಅನೇಕರಿಗೆ, ಮೈ ಇಳಿಯುವುದಕ್ಕೆ ಮೊದಲೇ, ಕೆಲವು ದಿನಗಳಲ್ಲಿ ಸಕ್ಕರೆ ಇಳಿಯತೊಡಗುತ್ತದೆ. ಊಟ ಕಡಿಮೆಯಾದದ್ದೂ ಇದಕ್ಕೊಂದು ಕಾರಣವೆನ್ನಿ.

ಹೃದಯದ ಹೊರೆಯೂ ಹಗುರಾಗುತ್ತದೆ. ಅದು ದೂಡಬೇಕಾದ ರಕ್ತದ ಪ್ರಮಾಣ ತಗ್ಗುತ್ತದೆ. ದಪ್ಪಗಟ್ಟಿದ್ದ ಹೃದಯದ ಗೋಡೆ ತಿಂಗಳುಗಳು ಕಳೆದಂತೆ ತೆಳುವಾಗುತ್ತದೆ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದರ ಲೆಕ್ಕ 2012ರಲ್ಲಿ ಪ್ರಕಟವಾಯಿತು: ಶಸ್ತ್ರಚಿಕಿತ್ಸೆಯಾದ 2,010 ಮಂದಿಯಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರು 28, ಸಾಮಾನ್ಯ ಚಿಕಿತ್ಸೆ ಪಡೆದ 2,037 ಮಂದಿಯಲ್ಲಿ 49. ಚೀಟಿ ಎತ್ತಿ ಹಂಚಿದ ಪ್ರಯೋಗ ಅದಲ್ಲವಾದ್ದರಿಂದ ಅದನ್ನೇ ಕೊನೆಯ ಮಾತೆನ್ನಲಾಗದು. ಆದರೂ ತಳ್ಳಿಹಾಕುವಂಥದಲ್ಲ.

ತೊಡಕು ಬರುವುದು ಇಲ್ಲಿ. ದೇಹ ಬದಲಾದಷ್ಟು ಬೇಗ ಔಷಧಿಯ ಚೀಟಿ ಬದಲಾಗುವುದಿಲ್ಲ! ಮೊದಲಿನ ದೇಹಕ್ಕೆ ಅಳೆದು ಕೊಟ್ಟ ಗುಳಿಗೆ ಈಗಿನ ದೇಹಕ್ಕೆ ಅತಿಯಾಗುತ್ತದೆ. ನೀರು ಕುಡಿಯುವುದೂ ಕಡಿಮೆಯಾಗಿದ್ದರೆ, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಗುಳಿಗೆಯಿದ್ದರೆ, ಕಣ್ಣು ಕತ್ತಲಿಡದೆ ಇನ್ನೇನು? ಸೋದರಿಯು ಅಕ್ಕನನ್ನು ತಡಮಾಡದೆ ರಾಣೇಬೆನ್ನೂರಿಗೆ ಕರೆದೊಯ್ದು, ಮಲಗಿದಾಗೊಮ್ಮೆ ನಿಂತಾಗೊಮ್ಮೆ ರಕ್ತದೊತ್ತಡ ನೋಡಿಸಲಿ. ರಕ್ತಪರೀಕ್ಷೆ, ಇಸಿಜಿಗಳೂ ಆಗಲಿ. ಆದರೆ ಗುಳಿಗೆಗಳನ್ನು ಮನೆಯವರೇ ನಿಲ್ಲಿಸಬಾರದು. ಅವುಗಳಲ್ಲಿ ಕೆಲವನ್ನು ಥಟ್ಟನೆ ಬಿಟ್ಟರೆ ಹೃದಯಕ್ಕೇ ಅಪಾಯ. ಇನ್ಸುಲಿನ್, ಗ್ಲಿಮಿಪಿರೈಡ್ ಬಳಸುವವರಂತೂ ಶಸ್ತ್ರಚಿಕಿತ್ಸೆಯ ಮೊದಲ ದಿನಗಳಿಂದಲೇ ಪ್ರಮಾಣವನ್ನು ವೈದ್ಯರಿಂದ ತಿದ್ದಿಸಿಕೊಳ್ಳುತ್ತಿರಬೇಕು.

ಯುಗಾದಿಯ ಹೋಳಿಗೆ ತಿಂದ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟಿ ಬೆವರಿದರೆ, ಅದು ಸಿಹಿಯು ಒಮ್ಮೆಲೇ ಕರುಳಿಗೆ ಇಳಿದುದರ ಫಲವಿರಬಹುದು. ಕರುಳಿನ ದಾರಿ ಬದಲಿಸಿದ ‘ಬೈಪಾಸ್’ ರೋಗಿಗಳಲ್ಲಿ ಇದು ಹೆಚ್ಚು. ಎದೆನೋವು ಇದ್ದರೆ ಮಾತ್ರ ಊಹೆಗೆ ಅವಕಾಶ ಕೊಡದೆ ಆಸ್ಪತ್ರೆಗೆ ಹೊರಡಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಬೊಜ್ಜಿನಿಂದ ಏರುಪೇರಾದ ಹಾರ್ಮೋನುಗಳು ಸರಿಹೋಗಿ, ವರ್ಷಗಟ್ಟಲೆ ತಪ್ಪಿದ್ದ ಮುಟ್ಟು ಮತ್ತೆ ಬರಬಹುದು. ಮಕ್ಕಳಾಗದೆಂದು ಕೈಬಿಟ್ಟವರಿಗೆ ಗರ್ಭವೂ ನಿಲ್ಲಬಹುದು. ಸಂತೋಷವೇ ಸರಿ, ಆದರೆ ಮೊದಲ 12ರಿಂದ 18 ತಿಂಗಳು ಬಸಿರು ಬೇಡ. ಬೈಪಾಸ್ ಆದವರು ಬರಿಯ ನುಂಗುವ ಗುಳಿಗೆಯನ್ನು ನಂಬದೆ ಬೇರೆ ಉಪಾಯವನ್ನು ವೈದ್ಯರೊಡನೆ ಮಾತಾಡಿಕೊಳ್ಳುವುದು ಲೇಸು.

ಕಬ್ಬಿಣ, ಕ್ಯಾಲ್ಸಿಯಂ, ಬಿ-12, ಡಿ ಜೀವಸತ್ವಗಳ ಗುಳಿಗೆ ಮಾತ್ರ ಜೀವಮಾನವಿಡೀ ಬೇಕು. ರಕ್ತಹೀನತೆಯಾದರೆ ಹಗುರಾದ ಹೃದಯ ಮತ್ತೆ ಓಡಾಡಬೇಕಾಗುತ್ತದೆ. ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಬಿ-1 ಜೀವಸತ್ವ ಬರಿದಾಗುವ ಭಯವಿದೆ. ನಿಶ್ಶಕ್ತಿಯೆಂದು ನಮ್ಮಲ್ಲಿ ಕೂಡಲೇ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ರೂಢಿಯುಂಟು. ಅದಕ್ಕೆ ಮೊದಲು ಬಿ-1 ಚುಚ್ಚುಮದ್ದು ಬೀಳಬೇಕು. ಆದುದರಿಂದ ಯಾವ ದವಾಖಾನೆಗೆ ಹೋದರೂ ಶಸ್ತ್ರಚಿಕಿತ್ಸೆಯ ಕಾಗದಗಳನ್ನು ಜೊತೆಗೊಯ್ದು, ಬಾಟಲಿ ಏರಿಸುವ ಮುನ್ನ ವೈದ್ಯರಿಗೆ ತೋರಿಸಬೇಕು.